ಒರೆಸದೆ ಬಿಟ್ಟ ಬಾಗಿಲು

ನನ್ನ ಅಕ್ಷರ ಸೊಟ್ಟಗಿದೆ, ದಯವಿಟ್ಟು ಕ್ಷಮಿಸಿ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ಈ ಹಾಳೆಯ ಮೇಲ್ತುದಿಯಲ್ಲಿರುವ ನೀಲಿ ಕಲೆ ಮಾತ್ರ ಪೂರ್ತಿ ನನ್ನ ತಪ್ಪಲ್ಲ. ಅಲ್ಲಿ ಸಾಸಿವೆ ಗಾತ್ರದ ಶಾಯಿಯ ಚುಕ್ಕೆಯಿತ್ತು. ದೊಡ್ಡಮ್ಮ ಒದ್ದೆ ಬಟ್ಟೆ ತಂದು ಒರೆಸಿ ಅದನ್ನು ಅಂಗೈಯಗಲ ಮಾಡಿದಳು.

ಇದು ಆ ದೊಡ್ಡಮ್ಮನದೇ ಕಥೆ. ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಅವಳು ಹದಿನೆಂಟು ವರ್ಷದಿಂದ ಕಸ ಗುಡಿಸಿ ನೆಲ ಒರೆಸುತ್ತಾಳೆ. ಅಲ್ಲಿ ಎಲ್ಲರ ಬಾಯಲ್ಲೂ ಅವಳು ಫಳಫಳಮ್ಮ. ಹೆಸರು ಸುಮ್ಮನೆ ಬಂದಿಲ್ಲ. ಕೊಳೆ ಕಣ್ಣಿಗೆ ಬಿದ್ದರಾಯಿತು, ಕೈ ಸುಮ್ಮನಿರುವುದಿಲ್ಲ. ಮನೆಯಲ್ಲಿ ದೊಡ್ಡಪ್ಪ ಕೊನೆಯ ತುತ್ತು ನುಂಗುವಷ್ಟರಲ್ಲಿ ಅವನ ತಟ್ಟೆ ತೊಳೆದು ಕವುಚಿಟ್ಟಿರುತ್ತದೆ. ನಮ್ಮ ಎತ್ತರ ಅಳೆದು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನ ಗೀಟು ಹಾಕಿದರೆ ಮರುದಿನ ಅದು ಮಾಯ. ಈ ಮನೆಯ ಮಕ್ಕಳು ಬೆಳೆದದ್ದಕ್ಕೆ ಸಾಕ್ಷಿಯೇ ಇಲ್ಲ ಎಂದು ದೊಡ್ಡಪ್ಪ ರೇಗಿಸುತ್ತಾನೆ.

ಹೋದ ವರ್ಷ ಹಾಸ್ಟೆಲಿನ ಮೂರನೇ ಮಹಡಿಗೆ ದೂರದೇಶದ ಹುಡುಗಿಯೊಬ್ಬಳು ಬಂದಳು. ಕಡುಗಪ್ಪು ಬಣ್ಣ, ಉದ್ದ ಕೈಕಾಲು. ಹೊಸದಾಗಿ ಕಲಿತ ನಮ್ಮ ಮಾತನ್ನು ಒಂದೊಂದಾಗಿ ಜೋಡಿಸಿ ಆಡುತ್ತಿದ್ದಳು. ಒದ್ದೆ ನೆಲ ಕಂಡರೆ ಚಪ್ಪಲಿ ಕೈಯಲ್ಲಿ ಹಿಡಿದು ಗೋಡೆಗೆ ಅಂಟಿಕೊಂಡು ನಡೆಯುವವಳು ಇಡೀ ಮಹಡಿಗೆ ಅವಳೊಬ್ಬಳೇ. ದೊಡ್ಡಮ್ಮನ ಮನಸ್ಸು ಗೆಲ್ಲಲು ಬೇರೇನೂ ಬೇಕಿರಲಿಲ್ಲ.

ಒಂದು ಬೆಳಿಗ್ಗೆ ಆರೂವರೆಗೆ ದೊಡ್ಡಮ್ಮ ಬಕೆಟ್ ಹಿಡಿದು ಮೇಲೆ ಹೋದಾಗ ಆ ಹುಡುಗಿಯ ಬಾಗಿಲ ಮೇಲೆ ದಪ್ಪ ಮಾರ್ಕರಿನಲ್ಲಿ ಬರೆದಿತ್ತು. ಏನು ಬರೆದಿತ್ತೆಂದು ಇಲ್ಲಿ ಮತ್ತೆ ಬರೆಯಲಾರೆ. ಅವಳ ಮೈಬಣ್ಣದ ಮೇಲೆ ಒಂದು ಹೊಲಸು ಮಾತು, ಗಂಟುಮೂಟೆ ಕಟ್ಟು ಎಂದು ಇನ್ನೊಂದು. ದೊಡ್ಡಮ್ಮನಿಗೆ ಮೈಯೆಲ್ಲ ಉರಿಯಿತು. ಪಾಪ, ಮಗು ಎದ್ದು ನೋಡುವ ಮುಂಚೆ ಹೋಗಲಿ ಎಂದು ಸ್ಪಿರಿಟ್ ಹಾಕಿ ತಿಕ್ಕಿದಳು. ಮುಂದಿನ ವಾರ ಮತ್ತೆ ಬರೆದರು, ಅದರ ಮುಂದಿನ ವಾರವೂ ಬರೆದರು. ಮೂರು ಸಲವೂ ಒಂದಕ್ಷರ ಉಳಿಯದಂತೆ ಒರೆಸಿ, ಯಾರಿಗೂ ಹೇಳದೆ, ತಾನೇ ಒಳಗೊಳಗೆ ಬೀಗಿದಳು.

ನಾಲ್ಕನೇ ವಾರ ಆ ಹುಡುಗಿ ಬಂದು ಒಂದು ಹಗ್ಗ ಕೇಳಿದಳು. ಪುಸ್ತಕದ ಪೆಟ್ಟಿಗೆ ಕಟ್ಟಬೇಕಂತೆ.

"ಯಾಕಮ್ಮ, ಪರೀಕ್ಷೆ ಇನ್ನೂ ಮುಗಿದಿಲ್ವಲ್ಲ?"

"ನಾನು ಸುಳ್ಳು ಹೇಳ್ತೀನಂತೆ, ಅಮ್ಮ. ಓದೋಕೆ ಐದಕ್ಕೆ ಏಳ್ತೀನಲ್ಲ, ಬಾಗಿಲು ತೆಗೆದ ಕೂಡ್ಲೆ ಆ ಬರಹಾನೇ ಕಾಣ್ಸುತ್ತೆ. ಮೂರು ಸಲ ವಾರ್ಡನ್ ಮೇಡಂನ ಕರ್ಕೊಂಡು ಬಂದೆ. ಅವರು ಬರೋ ಹೊತ್ತಿಗೆ ಏನೂ ಇರಲ್ಲ. ಫೋಟೊ ತೋರಿಸಿದ್ರೆ, ಈಗಿನ ಕಾಲದಲ್ಲಿ ಅದನ್ನೂ ನಕಲಿ ಮಾಡ್ಬಹುದು ಅಂದ್ರು. ಇನ್ನೊಂದ್ಸಲ ದೂರು ಕೊಟ್ರೆ ಹಾಸ್ಟೆಲ್ ಬಿಡಿಸ್ತಾರಂತೆ. ಅದಕ್ಕೆ ನಾನೇ ಹೋಗ್ತೀನಿ."

ದೊಡ್ಡಮ್ಮನ ಕೈಯಲ್ಲಿದ್ದ ಕೊಳೆ ಬಟ್ಟೆ ಆಗತಾನೇ ಒರೆಸಿದ ನೆಲದ ಮೇಲೆ ಬಿತ್ತು. ಅದನ್ನು ಎತ್ತಿಕೊಳ್ಳಬೇಕೆಂದು ಕೂಡ ಅವಳಿಗೆ ತೋಚಲಿಲ್ಲವಂತೆ. ಅವಳನ್ನು ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು.

ಹಗ್ಗವನ್ನು ಒಗೆದು ಹಾಕಿದ್ದೇನೆ, ಒಣಗಲು ವಾರವಾದರೂ ಬೇಕು ಎಂದಳು. ಹಗ್ಗ ಒಗೆಯುವವಳು ಇವಳೊಬ್ಬಳೇ ಆದ್ದರಿಂದ ಹುಡುಗಿ ನಂಬಿದಳು. ದೊಡ್ಡಮ್ಮ ನೇರ ವಾರ್ಡನ್ ಕೋಣೆಗೆ ಹೋಗಿ, ಒರೆಸಿದ್ದು ತಾನೇ ಎಂದು ಒಪ್ಪಿಕೊಂಡಳು. ವಾರ್ಡನ್‌ಗೆ ಅರ್ಧ ನಂಬಿಕೆ, ಅರ್ಧ ಅನುಮಾನ. ನಿನಗೂ ಆ ಹುಡುಗಿಗೂ ಸಲಿಗೆ ಇದೆಯಲ್ಲ, ಮಾತಾಡಿಕೊಂಡು ಬಂದಿದ್ದೀರೇನೋ, ನಾನು ಕಣ್ಣಾರೆ ನೋಡಬೇಕು ಎಂದರು.

ಐದನೇ ದಿನ ಬೆಳಿಗ್ಗೆ ಬಾಗಿಲ ಮೇಲೆ ಮತ್ತೆ ಬರೆದಿತ್ತು. ಈ ಸಲ ದೊಡ್ಡಮ್ಮ ಐದಕ್ಕೂ ಮುಂಚೆ ಹೋಗಿದ್ದಳು. ಹುಡುಗಿಯ ಕಣ್ಣಿಗೆ ಬೀಳದಿರಲೆಂದು ಒಂದು ಹಾಸಿಗೆ ಹೊದಿಕೆಯನ್ನು ಬಾಗಿಲಿಗೆ ಅಡ್ಡ ಕಟ್ಟಿ, ಒಳಗೇ ಕೂತು ಓದ್ಕೋ ಎಂದು ಅವಳಿಗೆ ಹೇಳಿ, ಗೇಟಿನವನನ್ನು ವಾರ್ಡನ್ ಮನೆಗೆ ಓಡಿಸಿದಳು. ವಾರ್ಡನ್ ತಲೆ ಬಾಚದೆ ಹೊಸ್ತಿಲು ದಾಟುವವರಲ್ಲ. ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ದೊಡ್ಡಮ್ಮನ ಕೈ ತುರಿಸಿದ್ದು ಅಷ್ಟಿಷ್ಟಲ್ಲ. ಎದುರಿನ ಬಾಗಿಲು ಒರೆಸಿದಳು. ಕಿಟಕಿ, ನಲ್ಲಿ, ಸ್ವಿಚ್ಚು ಒರೆಸಿದಳು. ಮರಳಿ ಬಂದ ಗೇಟಿನವನ ಟಾರ್ಚನ್ನು ಕಿತ್ತುಕೊಂಡು ಅದನ್ನೂ ಒರೆಸಿದಳು. ಆ ಒಂದು ಬಾಗಿಲನ್ನು ಮುಟ್ಟಲಿಲ್ಲ.

ವಾರ್ಡನ್ ಬಂದು ಹೊದಿಕೆ ಸರಿಸಿ ಓದಿದರು. ಆಮೇಲೆ ಪ್ರಿನ್ಸಿಪಾಲರನ್ನೂ ಕರೆಸಿದರು. ಹುಡುಗಿಯನ್ನು ಹೊರಗೆ ಕರೆದು, ಮಹಡಿಯವರೆಲ್ಲ ಕೇಳುವಂತೆ ಹೇಳಿದರು.

"ನೀನು ಸುಳ್ಳು ಹೇಳಿರ್ಲಿಲ್ಲ. ಮೊದಲ ದಿನಾನೇ ನಾನು ನಂಬಬೇಕಿತ್ತು. ನನ್ನ ತಪ್ಪು."

ಹುಡುಗಿ ಗೋಡೆಗೆ ಒರಗಿ ಅತ್ತಳು. ದೊಡ್ಡಮ್ಮನಿಗೂ ಕಣ್ಣು ತುಂಬಿತ್ತು, ಆದರೂ ಕೇಳಿಯೇಬಿಟ್ಟಳು: "ಈಗ ಒರೆಸ್ಲಾ, ಮೇಡಂ?"

ಬರೆದವರು ಅದೇ ಮಹಡಿಯ ಇಬ್ಬರು. ಕಾಲೇಜಿನ ಸಮಿತಿ ವಿಚಾರಿಸಿದಾಗ ಒಪ್ಪಿಕೊಂಡು ಹಾಸ್ಟೆಲ್ ಬಿಟ್ಟರು. ಈಗ ಅಲ್ಲೊಂದು ನಿಯಮವಿದೆ. ಅಂಥದ್ದು ಕಂಡರೆ ಮೊದಲು ಮುಚ್ಚಬೇಕು, ವಾರ್ಡನ್ ತಕ್ಷಣ ಬಂದು ನೋಡಿ ಬರೆದುಕೊಳ್ಳಬೇಕು, ಆಮೇಲಷ್ಟೇ ಒರೆಸಬೇಕು. ದೊಡ್ಡಮ್ಮನಿಗೆ ಕೊನೆಯ ಭಾಗ ಮಾತ್ರ ಬಾಯಿಪಾಠ ಎಂದು ದೊಡ್ಡಪ್ಪ ಹೇಳುತ್ತಾನೆ.

ಆ ಹುಡುಗಿ ಆಗಾಗ ಮಹಡಿಯ ಮೇಲಿಂದ ಬಗ್ಗಿ, "ಹಗ್ಗ ಒಣಗಿತಾ, ಅಮ್ಮ?" ಎಂದು ಕೇಳುತ್ತಾಳೆ.

"ಇನ್ನೂ ಹಸಿ ಇದೆ, ಹೋಗಿ ಓದ್ಕೋ," ಎನ್ನುತ್ತಾಳೆ ದೊಡ್ಡಮ್ಮ.

ಹಾಸ್ಟೆಲಿನ ಸಂಚಿಕೆಗೆ ಇದನ್ನು ಬರೆದುಕೊಡು ಎಂದು ಕೇಳಿದವಳೂ ಆ ಹುಡುಗಿಯೇ. ಭಾನುವಾರ ಕೂತು ಕಲೆಯಿಲ್ಲದ ಇನ್ನೊಂದು ಪ್ರತಿ ಮಾಡಿ, ದೊಡ್ಡಮ್ಮ ಮೇಜು ಒರೆಸುವ ಮುಂಚೆ ಎತ್ತಿಡುತ್ತೇನೆ. ಸೋಮವಾರ ನಾನೇ ಹೋಗಿ ಆ ಹುಡುಗಿಯ ಕೈಗೆ ಕೊಡುತ್ತೇನೆ.