ಎಡಗೈ ತುದಿಯ ಕರಿ ಹೊಲಿಗೆ

ಟ್ರಂಕಿನ ಮುಚ್ಚಳ ಎತ್ತಿದ ಕೂಡಲೇ ಡಾಂಬರ ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಸಣ್ಣಗೆ, ಕುರಿ ಉಣ್ಣೆಯದು. ಹಳೆಯ ಸೀರೆಗಳನ್ನು ಸರಿಸಿ ನನ್ನ ಚಿಕ್ಕಂದಿನ ಸ್ವೆಟರನ್ನು ಹೊರಗೆ ತೆಗೆದೆ. ಗುಲಾಬಿ ಬಣ್ಣ ಹೋಗಿ ಈಗ ಇಂಥದ್ದೇ ಬಣ್ಣ ಎಂದು ಹೇಳಲಾಗದಂತಾಗಿದೆ. ಎಡಗೈ ತುದಿಯನ್ನು ತಿರುಗಿಸಿ ನೋಡಿದೆ. ಇತ್ತು. ಹೆಬ್ಬೆರಳ ಉಗುರಿನಷ್ಟಗಲ, ಒರಟು ಕರಿ ಉಣ್ಣೆಯ ಹೊಲಿಗೆ.

ಹೊರಗೆ ಚಳಿ ಇರಲಿಲ್ಲ. ರಾಮತೀರ್ಥ ನಗರದ ಈ ಮನೆಗೆ ಬಂದ ಮೇಲೆ ಆ ಟ್ರಂಕನ್ನು ನಾನು ಮುಟ್ಟಿದ್ದೇ ಕಡಿಮೆ. ಅವತ್ತು ಅದನ್ನು ತೆಗೆಸಿದ್ದು ಮೊಬೈಲು.

ನಾನೊಂದು ವಾಟ್ಸಾಪ್ ಗುಂಪಿನಲ್ಲಿದ್ದೇನೆ. ಒಂದೇ ಚಾನೆಲ್ ಇದ್ದ ಕಾಲದಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಒಂದು ಹಿಂದಿ ಪತ್ತೇದಾರಿ ಧಾರಾವಾಹಿಯ ಅಭಿಮಾನಿಗಳ ಗುಂಪು ಅದು. ಕೊಲೆ ಮಾಡಿದವರು ಯಾರೆಂಬುದು ಎಲ್ಲರಿಗೂ ಬಾಯಿಪಾಠ. ಹಾಗಾಗಿ ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಮಾತೆಲ್ಲ ಚಿಲ್ಲರೆ ಸಂಗತಿಗಳದ್ದೇ. ಬಾಗಿಲ ಹೊರಗೆ ಒದ್ದೆಯಾಗಿದ್ದ ಪತ್ತೇದಾರನ ಛತ್ರಿ ಒಳಗೆ ಬರುವಷ್ಟರಲ್ಲಿ ಒಣಗಿದ್ದು ಹೇಗೆ? ಬೇರೆ ಬೇರೆ ಸಾಹುಕಾರರ ಮನೆಗಳಲ್ಲಿ ಅದೇ ಹೂದಾನಿ ಯಾಕಿದೆ? ಇಂಥದಕ್ಕೆ ನಮ್ಮವರು ದಿನಗಟ್ಟಲೆ ಕಾದಾಡುತ್ತಾರೆ. ನಾನು ಮೊಬೈಲಿಗೆ ಮುಖ ಹಚ್ಚಿ ಕೂತರೆ ನಮ್ಮ ಮನೆಯವರು ನಗುತ್ತಾರೆ. "ಕೆಲಸಿಲ್ಲದ ಬಡಿಗ್ಯಾ ಮಗನ ಕುಂಡಿ ಕೆತ್ತಿದ್ನಂತ. ಹಂಗಾತು ನಿಮ್ಮ ಗುಂಪು," ಎನ್ನುತ್ತಾರೆ. ಅದು ಸುಳ್ಳೆಂದು ನಾನೂ ಹೇಳುವುದಿಲ್ಲ.

ಗುಂಪು ನಡೆಸುವವರು ಹುಬ್ಬಳ್ಳಿಯ ಒಬ್ಬ ನಿವೃತ್ತ ಡಾಕ್ಟರು. ಅವತ್ತು ಬೆಳಿಗ್ಗೆ ಅವರು ಧಾರಾವಾಹಿಯ ಒಂದು ದೃಶ್ಯವನ್ನು ನಿಲ್ಲಿಸಿ ಫೋಟೋ ತೆಗೆದು ಹಾಕಿದ್ದರು. ಪತ್ತೇದಾರನ ಮೇಜಿನ ಮೇಲೆ ಯಾರದೋ ಕೈ ಚಹಾದ ಕಪ್ಪು ಇಡುತ್ತಿದೆ. ಕೈ ಮಾತ್ರ ಕಾಣುತ್ತದೆ. ಬಿಳಿ ಸ್ವೆಟರಿನ ತೋಳು, ಅದರ ತುದಿಯಲ್ಲಿ ಒಂದು ಕಪ್ಪು ಗುರುತು. 'ಇಷ್ಟು ಹತ್ತಿರದಿಂದ ತೋರಿಸಿದ್ದಾರೆಂದರೆ ಇದು ಸುಳಿವೇ ಇರಬೇಕು. ಆದರೆ ಕತೆಯಲ್ಲಿ ಮುಂದೆ ಇದರ ಮಾತೇ ಇಲ್ಲವಲ್ಲ, ಯಾಕೆ?' ಎಂದು ಕೆಳಗೆ ಬರೆದಿದ್ದರು. ಮಧ್ಯಾಹ್ನದವರೆಗೆ ಒಬ್ಬರು ಬೀಡಿ ಸುಟ್ಟ ಗುರುತು ಎಂದರು, ಮತ್ತೊಬ್ಬರು ಶಾಯಿ ಎಂದರು, ಇನ್ನೊಬ್ಬರು ವಿಷದ ಕಲೆ ಎಂದು ಹಟ ಹಿಡಿದರು.

ನಾನು ಮೊಬೈಲು ಕೆಳಗಿಟ್ಟೆ. ಎದ್ದು ಹೋಗಿ ಟ್ರಂಕು ತೆಗೆದೆ.

ಆಗ ನಾವಿದ್ದದ್ದು ಬೆಳಗಾವಿ ಪೇಟೆಯ ಹತ್ತಿರದ ಒಂದು ಚಾಳಿನಲ್ಲಿ. ನಮ್ಮದು ಕುರಿ ಕಾಯುವವರ ಮನೆತನ. ಅಪ್ಪ ಕುರಿ ಬಿಟ್ಟು ಆಟೋ ನಗರದ ಗ್ಯಾರೇಜು ಸೇರಿದ್ದರೂ ಅಜ್ಜಿ ಮಾತ್ರ ಕದಿರು ಬಿಟ್ಟಿರಲಿಲ್ಲ. ಊರಿನಿಂದ ಉಣ್ಣೆ ತರಿಸಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂತು ನೂಲುತ್ತಿದ್ದಳು. ಬಾಜೂ ಮನೆಯಲ್ಲಿ ಕಾಕು ಇದ್ದರು. ಕಾಕು ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ; ನನ್ನ ನೆನಪಿನಲ್ಲಿ ಅವರಿಗೆ ಬೇರೆ ಹೆಸರಿಲ್ಲ. ಪಾರಿಶ್ವಾಡದ ಲಿಂಗಾಯತರ ಮನೆಯ ಸೊಸೆ, ತವರು ಖಾನಾಪುರ. ಅವರ ಗಂಡ, ನಮ್ಮ ಕಾಕಾ, ಪೇಟೆಯ ಅಂಗಡಿಯೊಂದರಲ್ಲಿ ಗುಮಾಸ್ತರು. ಕಾಕುಗೆ ಕನ್ನಡದಲ್ಲಿ ಸಿಟ್ಟು ಬರುತ್ತಿತ್ತು, ಮರಾಠಿಯಲ್ಲಿ ನಗು ಬರುತ್ತಿತ್ತು. ಮನೆಕೆಲಸ ಮುಗಿದರೆ ಕೈಯಲ್ಲಿ ಎರಡು ಕಡ್ಡಿ, ಮಡಿಲಲ್ಲಿ ಉಲ್ಲನ್ ಉಂಡೆ. ಚಾಳಿನ ಮಕ್ಕಳೆಲ್ಲ ಅವರು ಹೆಣೆದ ಸ್ವೆಟರಿನಲ್ಲೇ ಚಳಿ ಕಳೆದವರು.

ಸ್ವೆಟರ್ ಮುಗಿಯಿತೆಂದರೆ ಕಾಕು ನಮ್ಮ ಕಟ್ಟೆಗೆ ಬಂದು ಅಜ್ಜಿಯ ಮುಂದೆ ಕೈ ಚಾಚುತ್ತಿದ್ದರು.

"ಒಂದ ಎಳಿ ಕರೀ ಉಣ್ಣಿ ಕೊಡ್ರಿ ಆಯಿ."

"ನಿನ್ನ ಹತ್ರ ಕರೀ ಉಲ್ಲನ್ ಉಂಡಿನ ಐತಲ್ಲವ್ವಾ," ಎಂದು ಅಜ್ಜಿ ಬೇಕೆಂದೇ ಕಾಡಿಸುತ್ತಿದ್ದಳು.

"ಬಣ್ಣ ಹಾಕಿದ ಕರೀ ನಡಿಯೂದಿಲ್ರಿ. ಕುರಿ ಹುಟ್ಟಾ ಕರ್ರಗಿರಬೇಕು. ಅದ ದೃಷ್ಟಿ ಹಿಡೀತೈತಿ."

ಆ ಒಂದು ಎಳೆಯಿಂದ ಎಡಗೈ ತುದಿಗೆ ಹೊಲಿಗೆ ಹಾಕಿ ಹಲ್ಲಿನಿಂದ ಕಡಿದರೆ ಸ್ವೆಟರ್ ಪೂರ್ತಿಯಾದಂತೆ. ಕೂಸಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುವುದಿಲ್ಲವೇ, ಹಾಗೆ. ಈ ಪದ್ಧತಿ ಅವರ ತವರಿನದೋ, ಅವರೇ ಹುಟ್ಟಿಸಿದ್ದೋ ಗೊತ್ತಿಲ್ಲ. ಬೇರೆ ಯಾರೂ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಕಾಕುಗೆ ಒಬ್ಬನೇ ತಮ್ಮ. ತಂದೆ ತಾಯಿ ಬೇಗ ಹೋಗಿದ್ದರಿಂದ ಇವರೇ ಎತ್ತಿ ಆಡಿಸಿ ಬೆಳೆಸಿದ ಹುಡುಗ. ಖಾನಾಪುರದ ನಾಟಕಗಳಲ್ಲಿ ಪಾತ್ರ ಮಾಡಿ ಮಾಡಿ ತಲೆಗೆ ಹುಚ್ಚು ಹಿಡಿಸಿಕೊಂಡು, ಮುಂಬೈಗೆ ಹೋಗುತ್ತೇನೆಂದು ಕೂತ. ಕಾಕು ಬೈದರು, ಅತ್ತರು, ಕೊನೆಗೆ ಬಿಳಿ ಉಲ್ಲನ್ ತರಿಸಿ ಎದೆಯ ಮೇಲೆ ಜೋಳದ ತೆನೆಯ ಡಿಸೈನಿನ ಸ್ವೆಟರ್ ಹೆಣೆದರು. ಅದರ ಕರಿ ಎಳೆಯೂ ನಮ್ಮ ಅಜ್ಜಿಯದೇ. ಅವನು ಅದನ್ನು ತೊಟ್ಟು ನಮ್ಮ ಚಾಳಿನಿಂದ ಹೊರಟದ್ದು ನನಗೆ ಮಸುಕಾಗಿ ನೆನಪಿದೆ. ತೆಳ್ಳಗಿನ ಬೆನ್ನು, ಬಗಲಲ್ಲಿ ಚೀಲ… ಮುಖ ನೆನಪಿಲ್ಲ. ಮೊದಮೊದಲು ಅವನ ಪತ್ರಗಳು ಬರುತ್ತಿದ್ದವು. ಆಮೇಲೆ ನಿಂತವು.

ಅಪ್ಪ ಟಿವಿ ತಂದದ್ದು ಅದಾದ ಎಷ್ಟೋ ದಿನಗಳ ಮೇಲೆ. ಚಾಳಿಗೆಲ್ಲ ಅದೊಂದೇ. ಪತ್ತೇದಾರಿ ಧಾರಾವಾಹಿಯ ಹೊತ್ತಿಗೆ ನಮ್ಮ ಮನೆ ಸಂತೆಯಾಗುತ್ತಿತ್ತು. ಕಾಕುಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ಬಾಗಿಲ ಬಳಿ ಕೂತು ಹೆಣೆಯುತ್ತ, ನಡುನಡುವೆ ಕತ್ತೆತ್ತಿ ನೋಡುತ್ತಿದ್ದರು. ಒಂದು ವಾರ ಆ ಚಹಾದ ಕೈ ಬಂತು. ಕಾಕುವಿನ ಕಡ್ಡಿಗಳು ಫರಶಿ ಕಲ್ಲಿನ ನೆಲದ ಮೇಲೆ ಬಿದ್ದ ಸದ್ದಿಗೆ ನಾವೆಲ್ಲ ಹಿಂದೆ ತಿರುಗಿದೆವು. ಅವರು ನಮ್ಮನ್ನೆಲ್ಲ ದಾಟಿ ಹೋಗಿ ಟಿವಿಯ ಮುಂದೆ ಕೂತೇಬಿಟ್ಟರು. ಅಷ್ಟರಲ್ಲಿ ಕೈ ಹೋಗಿತ್ತು.

"ನನ್ನ ತಮ್ಮರೀ ಅಂವಾ," ಎಂದರು ಅವ್ವನಿಗೆ. "ಖರೇನರೀ. ನನ್ನ ಹೊಲಿಗಿ ನನಗ ಗೊತ್ತಾಗೂದಿಲ್ಲೇನ್ರಿ?"

ಮರುದಿನ ಸಿಹಿಯೆಂದು ಚಾಳಿಗೆಲ್ಲ ಕುಂದಾ ಹಂಚಿದರು. ನಾವು ಮಕ್ಕಳು ಸಾಲೆಯಲ್ಲಿ, ನಮ್ಮ ಬಾಜೂ ಮನೆಯವರು ಟಿವಿಯಲ್ಲಿದ್ದಾರೆಂದು ಹೇಳಿಕೊಂಡು ಮೆರೆದೆವು. ಅಲ್ಲಿಂದ ಕಾಕು ಒಂದು ವಾರವನ್ನೂ ತಪ್ಪಿಸಲಿಲ್ಲ. ಎಲ್ಲರಿಗಿಂತ ಮುಂದೆ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಕೂರುತ್ತಿದ್ದರು. ಕತೆ ಅವರಿಗೆ ಬೇಕಿರಲಿಲ್ಲ. ಪತ್ತೇದಾರ ಎಲ್ಲರನ್ನೂ ಕೂಡಿಸಿ ಕೊಲೆಗಾರ ಯಾರೆಂದು ಹೇಳಲು ಶುರುಮಾಡಿದನೋ, ಇನ್ನು ತಮ್ಮ ಬರುವುದಿಲ್ಲವೆಂದು ಎದ್ದು ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ಎದ್ದು ಹೋಗುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ತಮ್ಮ ಮತ್ತೆ ಬಂದ, ಹೆಣವಾಗಿ.

ಬಂಗಲೆಯ ಮೆಟ್ಟಿಲ ಕೆಳಗೆ ಒಬ್ಬ ಮನುಷ್ಯ ಬೋರಲಾಗಿ ಬಿದ್ದಿದ್ದ. ಎಡಗೈ ಮುಂದಕ್ಕೆ ಚಾಚಿತ್ತು. ಬಿಳಿ ಸ್ವೆಟರು. ತುದಿಯಲ್ಲಿ ಕಪ್ಪು. ಪತ್ತೇದಾರ ಬಗ್ಗಿ ನಾಡಿ ನೋಡಿ ತಲೆ ಅಲ್ಲಾಡಿಸಿದ. ಕಾಕು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಅವರ ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳಿತು. ಅವ್ವ ಓಡಿ ಹೋದಳು, ನಾನು ಅವಳ ಸೆರಗು ಹಿಡಿದು ಹಿಂದೆ ಹೋದೆ. ಆ ಚಳಿಯ ಸಂಜೆ ಕಾಕು ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಕೂದಲಲ್ಲಿ ನಡುಗುತ್ತ ನಿಂತಿದ್ದರು.

ನನಗೆ ಅದು ಇವತ್ತಿಗೂ ಬಗೆಹರಿದಿಲ್ಲ. ಚಾಳಿನಲ್ಲಿ ಯಾರಾದರೂ ತೀರಿಕೊಂಡು ನಮ್ಮ ಅವ್ವ ತಲೆಗೆ ನೀರು ಹಾಕಿಕೊಂಡರೆ, "ನಮ್ಮಲ್ಲಿ ಸೂತಕ ಇಲ್ರಿ. ಲಿಂಗ ಕಟ್ಟಿದವ್ರಿಗೆ ಎಲ್ಲೀ ಸೂತಕ?" ಎನ್ನುತ್ತಿದ್ದವರು ಅವರು. ಅತ್ತೆ ಸತ್ತಾಗಲೂ ಸೂತಕ ಹಿಡಿದವರಲ್ಲ.

"ಅದು ನಾಟಕ ಅಲ್ಲೇನವ್ವಾ," ಎಂದು ಅವ್ವ ಟವೆಲಿನಿಂದ ಅವರ ತಲೆ ಒರೆಸಿದಳು.

"ನಾಟಕ ಅನ್ನೂದು ನನಗೂ ಗೊತ್ತೈತ್ರಿ ವೈನಿ," ಎಂದರು ಕಾಕು. "ಆದ್ರ ಸತ್ತದ್ದನ್ನ ಕಣ್ಣಿಲೆ ನೋಡಿಬಿಟ್ನಲ್ಲರೀ."

ಮುಂದಿನ ವಾರ ಅವರು ಬರಲಿಲ್ಲ. ಅಜ್ಜಿ ಹೋಗಿ ಕರೆದರೂ ಬರಲಿಲ್ಲ. ನಮ್ಮ ಮನೆಗೆ ಬಂದರೂ ಟಿವಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಕೆಲವು ವರ್ಷಗಳಲ್ಲಿ ಕಾಕಾ ಕೆಲಸ ಬಿಟ್ಟು ಪಾರಿಶ್ವಾಡದ ಹೊಲ ನೋಡಿಕೊಳ್ಳಲು ಹೋದಾಗ ಕಾಕುವೂ ಹೋದರು. ನಮ್ಮ ಚಾಳೂ ಚದುರಿತು. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಒಂದು ಮದುವೆಯ ಊಟದ ಪಂಕ್ತಿಯಲ್ಲಿ.

ಇಷ್ಟೇ ಆಗಿದ್ದರೆ ಇದೊಂದು ದುಃಖದ ನೆನಪಾಗಿ ಸುಮ್ಮನಿರುತ್ತಿತ್ತು. ಆದರೆ ನಮ್ಮ ಗುಂಪಿನವರು ಸುಮ್ಮನಿರುವ ಜಾತಿಯವರಲ್ಲ. ಸಂಜೆಗೆ ಡಾಕ್ಟರು ಮತ್ತೆ ಎರಡು ಫೋಟೋ ಹಾಕಿದರು. ಒಂದು ಆ ಹೆಣದ್ದು. ಇನ್ನೊಂದು ಅದರ ನಂತರ ಬಂದ ಕಂತಿನದು. ಬ್ಯಾಂಕಿನ ಕೌಂಟರಿನ ಹಿಂದೆ ಒಬ್ಬ ಕಾರಕೂನ ಅದೇ ಬಿಳಿ ಸ್ವೆಟರಿನಲ್ಲಿ ಕೂತಿದ್ದಾನೆ. ಎದೆಯ ಮೇಲೆ ಜೋಳದ ತೆನೆ, ಕೈತುದಿಗೆ ಕಪ್ಪು ಗುರುತು. 'ಹೆಣ ಎದ್ದು ನೌಕರಿಗೆ ಸೇರಿತು' ಎಂದು ಯಾರೋ ನಕ್ಕರು. ಹಾಗಾದರೆ ಕಾಕು ಟಿವಿಗೆ ಬೆನ್ನು ಮಾಡಿ ಕೂತಾಗ ಅವರ ತಮ್ಮ ನಮ್ಮ ಮನೆಯೊಳಗೇ ಜೀವಂತ ಬಂದು ಹೋಗಿದ್ದನೇ?

ಫೋಟೋ ದೊಡ್ಡದು ಮಾಡಿ ನೋಡಿದೆ. ಕಾರಕೂನ ದಪ್ಪ ಮೀಸೆಯ, ನಡುವಯಸ್ಸು ದಾಟಿದ, ಹೊಟ್ಟೆ ಬಂದ ಮನುಷ್ಯ. ಯಾವ ಲೆಕ್ಕದಲ್ಲೂ ಆ ತೆಳ್ಳಗಿನ ಹುಡುಗನಲ್ಲ.

ಆಗ ಮಿರಜಿನ ಸದಸ್ಯರೊಬ್ಬರು ಬರೆದರು. ಅವರ ಮಾವ ಮುಂಬೈಯಲ್ಲಿ ನಾಟಕ, ಸಿನಿಮಾದವರಿಗೆ ಬಟ್ಟೆ ಬಾಡಿಗೆ ಕೊಡುತ್ತಿದ್ದರಂತೆ. ಒಂದೇ ಕೋಟು ಇವತ್ತು ಕಳ್ಳನ ಮೈಮೇಲೆ, ನಾಳೆ ಪೊಲೀಸನ ಮೈಮೇಲೆ. ಪಾತ್ರ ಹುಡುಕಿಕೊಂಡು ಬಂದ ಬಡ ಹುಡುಗರು ಕೈ ಬರಿದಾದಾಗ ಮೈಮೇಲಿನ ಬಟ್ಟೆಯನ್ನೂ ಅಂಥ ಅಂಗಡಿಗೆ ಮಾರಿ ಹೋಗುತ್ತಿದ್ದರಂತೆ. 'ಸ್ವೆಟರ್ ಒಂದೇ, ಮನುಷ್ಯರು ಮೂವರು' ಎಂದು ಅವರು ತೀರ್ಪು ಕೊಟ್ಟರು. ಎಲ್ಲರೂ ಒಪ್ಪಿದರು.

ಒಪ್ಪಿದರೆ ನನ್ನ ಗತಿಯೇನು? ಹೆಣ ಅವನಲ್ಲದಿದ್ದರೆ ಕಾಕು ತಲೆಗೆ ನೀರು ಸುರಿದುಕೊಂಡದ್ದು ಯಾರಿಗಾಗಿ? ಚಹಾ ಇಟ್ಟ ಕೈಯೂ ಅವನದಲ್ಲದಿದ್ದರೆ ನಾವು ಕುಂದಾ ತಿಂದದ್ದು ಯಾರ ಹೆಸರಿನಲ್ಲಿ? ಅಥವಾ ಮೊದಲ ಕೈ ಅವನದೇ ಆಗಿದ್ದು, ಆಮೇಲೆ ಸ್ವೆಟರ್ ಮಾರಿದನೇ? ತಲೆ ಕೆಟ್ಟು ಹೋಯಿತು.

ತಡೆಯಲಾರದೆ ರವಿವಾರ ಖಾನಾಪುರದ ಬಸ್ಸು ಹತ್ತಿ, ಅಲ್ಲಿಂದ ಪಾರಿಶ್ವಾಡಕ್ಕೆ ಹೋದೆ. ಕಾಕುವಿನ ಸೊಸೆ ನನ್ನನ್ನು ಎಂದೂ ಕಂಡವಳಲ್ಲ. ಆದರೂ, "ಬರ್ರಿ, ಕುಂದರ್ರಿ," ಎಂದು ಚಾಪೆ ಹಾಸಿದಳು. ತಮ್ಮನ ಫೋಟೋ ಏನಾದರೂ ಇದೆಯೇ ಎಂದು ಕೇಳಿದೆ.

"ಒಂದೂ ಇಲ್ರಿ ಅಕ್ಕಾ. ನಾ ಮಾಮಾರ್ನ ನೋಡೇ ಇಲ್ಲ. ಅತ್ತಿನ್ನ ಕೇಳಿದ್ರ ಒಮ್ಮೊಮ್ಮೆ ಹೋಗ್ಯಾನ ಅಂತಿದ್ರು, ಒಮ್ಮೊಮ್ಮೆ ಬರ್ತಾನ ಅಂತಿದ್ರು. ಯಾವದು ಖರೇ ಅಂತ ನಮಗೂ ತಿಳೀಲಿಲ್ಲ."

ಒಳಗೆ ಹೋಗಿ ಒಂದು ಗಂಟು ತಂದು ಬಿಚ್ಚಿದಳು. ಎಲ್ಲ ಗಂಡಸರ ಸ್ವೆಟರುಗಳು. ಒಂದೇ ಅಳತೆ, ಎಲ್ಲದರ ಎದೆಯ ಮೇಲೂ ಜೋಳದ ತೆನೆ. ಕಾಕು ಕೊನೆಯವರೆಗೂ ಚಳಿ ಶುರುವಾದಾಗ ಒಂದೊಂದು ಹೆಣೆದಿಡುತ್ತಿದ್ದರಂತೆ. ಮನೆಯ ಗಂಡಸರು ಯಾರೂ ಅದನ್ನು ತೊಡುವಂತಿರಲಿಲ್ಲ. ನಾನು ಒಂದೊಂದರ ಎಡಗೈ ತುದಿಯನ್ನೂ ತಿರುಗಿಸಿ ನೋಡಿದೆ. ಯಾವುದಕ್ಕೂ ಕರಿ ಹೊಲಿಗೆ ಇರಲಿಲ್ಲ.

"ಇಲ್ರಿ, ಅದನ್ನ ಬಿಟ್ಟಬಿಟ್ಟಿದ್ರು," ಎಂದಳು ಸೊಸೆ. "ನನ್ನ ಕೂಸಿಗೆ ಹೆಣದಾಗ ದೃಷ್ಟಿ ಹೊಲಿಗಿ ಹಾಕ್ರಿ ಅಂತ ಕೇಳಿದ್ನಿ. ಬ್ಯಾಡವಾ, ಅದು ದೃಷ್ಟಿ ತಡಿಯೂದಿಲ್ಲ ಅಂದ್ರು."

ಮೊಬೈಲು ತೆಗೆದು ಚಹಾದ ಕೈಯ ದೃಶ್ಯ ತೋರಿಸಿದೆ. ಅವಳು ಕಣ್ಣು ಸಣ್ಣದು ಮಾಡಿ ನೋಡಿ, ಬೆರಳಿನಿಂದ ಪರದೆಯ ಮೇಲಿನ ತೋಳನ್ನು ಸವರಿದಳು. "ಹೆಣದದ್ದು ಅತ್ತೀನರೀ. ಕೈ ಯಾರದು…" ಎಂದು ನನ್ನ ಮುಖ ನೋಡಿದಳು. ಹೆಣ ಬೇರೆಯವರದೂ ಇರಬಹುದು ಎಂಬ ಇಷ್ಟೇ ಇಷ್ಟು ಸುದ್ದಿ ಆಗಲೇ ಸಿಕ್ಕಿದ್ದರೆ ಕಾಕು ಎಷ್ಟು ನಿರಾಳವಾಗುತ್ತಿದ್ದರೋ. ಅಥವಾ ತಮ್ಮ ಹಸಿದು ಸ್ವೆಟರ್ ಮಾರಿದನೆಂದು ಇನ್ನಷ್ಟು ಸಂಕಟಪಡುತ್ತಿದ್ದರೋ. ಅದೂ ನನಗೆ ತಿಳಿಯದು.

ಮನೆಗೆ ಬಂದು ನನ್ನ ಸ್ವೆಟರಿನ ತುದಿಯ ಫೋಟೋ ತೆಗೆದು ಗುಂಪಿಗೆ ಹಾಕಿದೆ. ಅದು ಶಾಯಿಯಲ್ಲ, ವಿಷವಲ್ಲ, ನಮ್ಮ ಬಾಜೂ ಮನೆಯ ಕಾಕು ಹಾಕುತ್ತಿದ್ದ ದೃಷ್ಟಿ ಹೊಲಿಗೆ ಎಂದು ಬರೆದೆ. ಚಪ್ಪಾಳೆಗಳು ಸುರಿದವು. ಡಾಕ್ಟರು, 'ಭೇಷ್! ಕೇಸು ಮುಗಿಯಿತು' ಎಂದರು. ಮರುದಿನ ಎಲ್ಲರೂ ಮತ್ತೆ ಛತ್ರಿಗೆ ಮರಳಿದರು.

ನನಗೆ ಮಾತ್ರ ಮುಗಿದಿಲ್ಲ. ಆ ದೃಶ್ಯವನ್ನು ಈಗಲೂ ಹಾಕಿಕೊಂಡು ನೋಡುತ್ತೇನೆ. ಚಹಾ ಇಟ್ಟು ಕೈ ಹಿಂದೆ ಸರಿಯುವಾಗ ಮೇಜಿನ ಗಾಜಿನಲ್ಲಿ ಆ ಕೈಯವನ ಮುಖ ಒಂದು ಕ್ಷಣ ಮೂಡಿ ಹೋಗುತ್ತದೆ; ನಿಲ್ಲಿಸಿ ನೋಡಿದರೆ ಬರೀ ಮಸುಕು. ಆ ಮುಖವನ್ನೇ ನೋಡಬೇಕೆಂದು ಗಟ್ಟಿ ಮನಸ್ಸು ಮಾಡಿ ಕೂರುತ್ತೇನೆ. ಅಷ್ಟರಲ್ಲಿ ಕಣ್ಣು ಆ ಕರಿ ಹೊಲಿಗೆಯ ಮೇಲೆ ಹೋಗಿರುತ್ತದೆ, ಮುಖ ಹೋಗಿಬಿಟ್ಟಿರುತ್ತದೆ. ದೃಷ್ಟಿ ಬೊಟ್ಟು ಇಡುವುದೇ ಅದಕ್ಕಲ್ಲವೇ, ನೋಡುವವರ ಕಣ್ಣು ಮುಖಕ್ಕೆ ತಾಗದಿರಲಿ ಎಂದು. ಇಷ್ಟು ವರ್ಷ ಇಷ್ಟು ಜನ ನೋಡಿದರೂ, ಯಾರ ಕಣ್ಣೂ ಅವನ ಮುಖದ ಮೇಲೆ ಬೀಳಲಿಲ್ಲ. ಅಕ್ಕನದೂ ಬೀಳಲಿಲ್ಲ.

ತಡೆಯುವುದಿಲ್ಲ ಎಂದಿರಲ್ಲ ಕಾಕು. ಅದು ಇನ್ನೂ ತಡೆಯುತ್ತಲೇ ಇದೆ… ನೀವೇ ಇಲ್ಲ.