ಮೊದಲು ಅವನ ಕೆನ್ನೆಗೆ

ಮೊನ್ನೆ ಚಾಮರಾಜನಗರದ ಗ್ರಂಥಿಗೆ ಅಂಗಡಿಯವನು ನನಗೆ ಜ್ಯೇಷ್ಠಮಧು ಹುಡುಕುತ್ತಾ ಒಂದು ಗಾಜಿನ ಭರಣಿ ಕೆಳಗಿಳಿಸಿದ. ಒಳಗೆ ಇಂಗಳೀಕದ ಕೆಂಪು ಗಟ್ಟಿಗಳು. ಇದನ್ನು ಈಗ ಯಾರು ಕೊಳ್ಳುತ್ತಾರೆ ಎಂದೆ. 'ಯಾರೂ ಇಲ್ಲ ಸ್ವಾಮಿ, ವಿಷವಂತೆ' ಎಂದ. ಆ ಕೆಂಪು ನನ್ನ ಮುಖದ ಮೇಲೆ ಎಷ್ಟು ಸಲ ಕೂತಿತ್ತೋ...

ಐವತ್ತರ ದಶಕದ ಮಾತು. ಗುಂಡ್ಲುಪೇಟೆಯಲ್ಲಿ ನಮ್ಮ ಪಕ್ಕದ ಮನೆಯವನು ನಾಟಕದವರಿಗೆ ಬಣ್ಣ ಹಚ್ಚುತ್ತಿದ್ದ. ಬಣ್ಣದಣ್ಣ ಎನ್ನುತ್ತಿದ್ದೆವು. ಹೊಲ, ಈರುಳ್ಳಿ ಮಂಡಿ ಎಂದು ದುಡಿಯುವ ನಾವು ಸುಗ್ಗಿ ಮುಗಿದ ಮೇಲೆ ಸೇರಿ ಆಡುತ್ತಿದ್ದೆವು. ಹೆಣ್ಣು ವೇಷ ನನ್ನದು. ನನ್ನಂಥ ಚೆಲುವೆ ಆಚೆಯ ಹರವೆ ಊರಿನವರೆಗೂ ಇಲ್ಲವೆಂದು ನಾನೇ ಹೇಳಿಕೊಂಡು ಮೆರೆಯುತ್ತಿದ್ದೆ. ಆ ಚೆಲುವೆಲ್ಲ ಅವನ ಕೈಯದು.

ಅವನದೊಂದು ಪದ್ಧತಿ. ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಹಳದಿಗೆ ಅರದಾಳ ಅರೆದು ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಮೇಲೆ, ಪ್ರತಿ ಸಲವೂ ಮೊದಲು ತನ್ನ ಕೆನ್ನೆಗೆ, ತುಟಿಗೆ ಬಳಿದುಕೊಂಡು ಸಂಜೆಯವರೆಗೆ ಜಗಲಿಯಲ್ಲಿ ಕೂರುತ್ತಿದ್ದ. ಉರಿಯದಿದ್ದರೆ ಮಾತ್ರ ನಮ್ಮ ಮುಖಕ್ಕೆ. ಉರಿದರೆ ಅಷ್ಟೂ ತಿಪ್ಪೆಗೆ. ದಾರಿಹೋಕರು ನಕ್ಕರೂ ಕದಲುತ್ತಿರಲಿಲ್ಲ.

'ಆ ಬಣ್ಣ ನಿನ್ನ ತಿಂದಾಕ್ಬುಡ್ತದೆ ಕಣ್ಲಾ, ಬುಟ್ಬುಡು' ಎಂದು ಅವನ ಅಕ್ಕ ಗೋಗರೆಯುತ್ತಿದ್ದಳು.

'ಆಡೋರ್ ಮೊಖ ಕಣಕ್ಕ, ಕೆಟ್ರೆ ಏನ್ ಮಾಡನ?'

ಮೊದಲು ವಸಡು ಊದಿತು. ಆಮೇಲೆ ಹಲ್ಲುಗಳು ಒಂದೊಂದಾಗಿ ಉದುರಿದವು. ಕೆನ್ನೆಯ ಮೇಲೆ ಕಪ್ಪು ಕಲೆ ಹಬ್ಬುತ್ತಾ ಹೋಯಿತು. ಬಣ್ಣ ಮುಟ್ಟಲೇಬೇಡ ಎಂದರು ಡಾಕ್ಟರು. ನಾವೂ ಹೆದರಿ, ಬರೀ ಪೌಡರ್ ಸಾಕು ಎಂದು ಬೇಡಿಕೊಂಡೆವು. 'ಗ್ಯಾಸ್‌ಲೈಟಲ್ಲಿ ಹೆಣದಂಗೆ ಕಾಣ್ತೀರಿ ಕಣ್ರಲಾ' ಎಂದು ಬೊಚ್ಚುಬಾಯಲ್ಲಿ ನಕ್ಕ. ನಮಗೆ ನಗು ಬರಲಿಲ್ಲ.

ಕೊನೆಗೆ ಅವನ ಕೈ ನಡುಗತೊಡಗಿತು. ಒಂದು ಸಂಜೆ ನನ್ನ ಹುಬ್ಬು ತೀಡುವಾಗ ಕಡ್ಡಿ ಎತ್ತಲೋ ಜಾರಿತು. ಅವನು ನೋಡಿದ, ಕನ್ನಡಿಯಲ್ಲಿ ನಾನೂ ನೋಡಿದೆ. ಒರೆಸಲು ಬಟ್ಟೆ ಎತ್ತಿಕೊಂಡ.

'ಇರ್ಲಿ ಬುಡಣ್ಣ, ಚೆಂದಾಗದೆ' ಎಂದು ಆ ಕೈ ಹಿಡಿದುಕೊಂಡೆ. ತಣ್ಣಗಿತ್ತು.

ಸೊಟ್ಟ ಹುಬ್ಬು, ಸೊಟ್ಟ ಮೀಸೆಯಲ್ಲೇ ನಾವೆಲ್ಲ ರಂಗಕ್ಕೆ ಹೋದೆವು. ಒಬ್ಬನೂ ಒರೆಸಿಕೊಳ್ಳಲಿಲ್ಲ. ಜನ ಬಿದ್ದು ಬಿದ್ದು ನಕ್ಕರು. ಪರದೆಯ ಹಿಂದೆ ನಿಂತು ಅದನ್ನು ಕೇಳಿಸಿಕೊಂಡ ಬಣ್ಣದಣ್ಣ ತನ್ನ ಪೆಟ್ಟಿಗೆ ಮುಚ್ಚಿದ.

ಮುಂದಿನ ಸುಗ್ಗಿಗೆ ಅವನಿರಲಿಲ್ಲ...

ಜೊತೆಗೆ ಆಡಿದವರೂ ಈಗ ಹೋಗಿದ್ದಾರೆ. ಅವನನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಮೊನ್ನೆ ಅಂಗಡಿಯಿಂದ ಬಂದವನೇ ಕನ್ನಡಿಯ ಮುಂದೆ ನಿಂತೆ. ಎಂಬತ್ತು ದಾಟಿದ ಮುಖ. ಸುಕ್ಕು ಬೇಕಾದಷ್ಟಿದೆ, ಕಲೆ ಒಂದೂ ಇಲ್ಲ.