ಯಾರಿಗೂ ಗೊತ್ತಿಲ್ಲದ ಹುಡುಗ

ಕುಂದಾಪುರದ ಕಾಲೇಜೊಂದರಲ್ಲಿ ನಾನು ಸಿನಿಮಾ ಪಾಠ ಮಾಡುತ್ತೇನೆ. ಆ ದಿನದ ವಿಷಯ, ಬ್ರಿಟಿಷ್ ಸಿನಿಮಾಗಳು ಯುವಜನರನ್ನು ತೋರಿಸುವ ಬಗೆ. ಪರದೆಯ ಮೇಲೆ ಹುಡುಗನೊಬ್ಬ ಊರೆಲ್ಲ ಅಲೆಯುತ್ತಿದ್ದ, ಒಬ್ಬರೂ ಮಾತಾಡಿಸುತ್ತಿರಲಿಲ್ಲ.

ಗಂಗೊಳ್ಳಿಯ ಸುಮನಾ ಎದ್ದಳು. "ಸರ್, ಇವ್ನಿಗೆ ಕಷ್ಟ ಎಂತ?"

"ಅವನು ಯಾರೆಂದು ಯಾರಿಗೂ ಗೊತ್ತಿಲ್ಲ."

"ಅದ್ ಕಷ್ಟವಾ ಮಾರಾಯ್ರೆ?"

ಎಲ್ಲರೂ ನಕ್ಕರು, ಅವಳೊಬ್ಬಳು ನಗಲಿಲ್ಲ. ತರಗತಿ ಮುಗಿದ ಮೇಲೆ ಬಂದು ಕಾರಣ ಹೇಳಿದಳು. ಹಿಂದಿನ ದಿನ ಕೋಡಿ ಕಡಲತೀರದಲ್ಲಿ ಸಹಪಾಠಿಯೊಬ್ಬನ ಜೊತೆ ಕೂತಿದ್ದಳಂತೆ. ಅವಳಿಗಿಂತ ಮೊದಲು ಸುದ್ದಿ ಮನೆ ಮುಟ್ಟಿತ್ತು. ಇನ್ನು ಕಾಲೇಜು ಬೇಡವೆಂದು ಅಮ್ಮ ತೀರ್ಮಾನಿಸಿ, ಸಂಜೆ ಕರೆದೊಯ್ಯಲು ಬರುವವರಿದ್ದರು. "ನೀವೊಂದ್ ಮಾತ್ ಹೇಳಿ ಸರ್."

ಮೀನು ವ್ಯಾಪಾರ ಮುಗಿಸಿ ಗೇಟಿಗೆ ಬಂದ ಆ ತಾಯಿಗೆ ಸ್ವಾತಂತ್ರ್ಯ, ವ್ಯಕ್ತಿತ್ವ ಎಂದೆಲ್ಲ ವಿವರಿಸಿದೆ. ಪೂರ್ತಿ ಕೇಳಿ, "ಹ್ವಾಯ್, ನಿಮ್ಮನಿ ಎಲ್ಲಾಯ್ತ್?" ಎಂದರು.

ನಮ್ಮೂರು ಶಂಕರನಾರಾಯಣ ಎಂದೆ. ತಂದೆ ಯಾರು, ತಾಯಿಯ ತವರು ಯಾವುದು, ಎಲ್ಲವನ್ನೂ ಬಾಯಿಬಿಡಿಸಿದರು. ನನ್ನ ಸೋದರಮಾವ ಅವರ ಹಳೆಯ ಗಿರಾಕಿ ಎಂದು ಗೊತ್ತಾದದ್ದೇ ಮುಖ ಸಡಿಲವಾಯಿತು.

"ಮೊದ್ಲೇ ಹೇಳುಕಾಗ್ದಾ? ಹಾಂಗಾರೆ ಬರ್ಲಿ ಕಾಲೇಜಿಗೆ. ಯಾರೊಟ್ಟಿಗೆ ಕೂಕಂತ್ಳ್, ಎಲ್ಲಿಗ್ ಹೋತ್ಳ್, ನೀವೇ ಕಂಡ್ ನಂಗ್ ಫೋನ್ ಮಾಡಿ."

ಹೂಂ ಎನ್ನದೆ ಬೇರೆ ದಾರಿಯಿರಲಿಲ್ಲ. ಸುಮನಾಳ ಓದು ಉಳಿಯಿತು. ಮರುದಿನ ಕಾರಿಡಾರಿನಲ್ಲಿ ಎಲ್ಲರೆದುರು ನನ್ನ ಮುಂದೆ ನಿಂತಳು.

"ಸರ್, ಕ್ಯಾಂಟೀನಿಗ್ ಹೋತೆ. ಅಮ್ಮಂಗೆ ನೀವ್ ಹೇಳ್ತ್ರ್ಯಾ, ನಾನೇ ಹೇಳ್ಕಾ?"

ಯುವಜನರ ಅಸ್ಮಿತೆಯ ಪಾಠವನ್ನು ಆ ವರ್ಷ ಸ್ವಲ್ಪ ಬೇಗನೆ ಮುಗಿಸಿದೆ.